ಬಳ್ಳಿಗೆ ಬಂದ ಜ್ವರ

ನರೋಣಾದ ನಿಂಬೆವ್ವನಿಗೆ ತನ್ನ ಕೈಗಳ ಬಗ್ಗೆ ತುಸು ಹೆಚ್ಚೇ ಹೆಮ್ಮೆ ಇತ್ತು. ಯಾಕಿರಬಾರದು? ಇಪ್ಪತ್ತೈದು ವರ್ಷಗಳಲ್ಲಿ ಊರಿನ ಅರ್ಧ ಮಂದಿ ನೆಲಕ್ಕೆ ಬೀಳುವ ಮೊದಲು ಆ ಕೈಗೆ ಬಿದ್ದವರು. ಕಟ್ಟೆಯ ಮೇಲೆ ಮೀಸೆ ತಿರುವುತ್ತ ಕೂತ ಹುರಿಯಾಳುಗಳನ್ನು ನೋಡಿದಾಗ ಅವಳಿಗೆ ಒಳಗೊಳಗೇ ನಗು ಬರುತ್ತಿತ್ತು. ಇವನು ಕಾಲು ಮುಂದೆ ಮಾಡಿ ಬಂದು ತಾಯಿಯ ಜೀವ ತಿಂದವನು, ಅವನು ಬಂದ ಮೇಲೆ ಅಳುವುದಕ್ಕೇ ಅರ್ಧ ತಾಸು ಸತಾಯಿಸಿದವನು. ಈಗ ಇಬ್ಬರಿಗೂ ಊರಿನ ನ್ಯಾಯ ಹೇಳುವ ಉಮೇದು.

ಅವಳು ಹುಟ್ಟಿದ್ದು ಅಫಜಲಪುರ ತಾಲೂಕಿನಲ್ಲಿ, ಭೀಮಾ ನದಿಯ ದಂಡೆಯ ಒಂದು ಹಳ್ಳಿಯಲ್ಲಿ. ಹದಿನಾಲ್ಕಕ್ಕೆ ಮದುವೆಯಾಗಿ ಆಳಂದ ತಾಲೂಕಿಗೆ ಬಂದಳು. ಗಂಡ ಮಾಳಿಂಗಪ್ಪ ಕುರಿ ಕಾಯುವವನು. ವರ್ಷದ ಆರು ತಿಂಗಳು ಹಿಂಡಿನ ಹಿಂದೆ ಊರೂರು ಅಲೆಯುವುದೇ ಅವನ ಸಂಸಾರ. ಮನೆಯಲ್ಲಿ ಉಳಿದವರು ಅತ್ತೆ ಸೊಸೆ ಇಬ್ಬರೇ. ಅತ್ತೆ ಸೂಲಗಿತ್ತಿ, ಬಾಯಿ ಜೋರು, ಕೈ ಮೆತ್ತಗೆ. ಆಕೆಯ ಹಿಂದೆ ಎಣ್ಣೆಯ ಬಟ್ಟಲು ಹಿಡಿದು ಓಡಾಡುತ್ತ ನಿಂಬೆವ್ವ ಕೆಲಸ ಕಲಿತಳು. ತಾನು ಮೂರು ಹೆತ್ತು ಎರಡನ್ನು ಮಣ್ಣಿಗೆ ಕೊಟ್ಟಳು. ಉಳಿದದ್ದು ರೇವಮ್ಮ ಒಬ್ಬಳೇ.

ಎಪ್ಪತ್ತಾರರಲ್ಲಿ ಸರಕಾರದವರು ಸೂಲಗಿತ್ತಿಯರನ್ನು ಕರೆದು ಒಂದು ತಿಂಗಳು ತರಬೇತಿ ಕೊಟ್ಟರು. ಕೊನೆಯ ದಿನ ಎಲ್ಲರಿಗೂ ಒಂದೊಂದು ಅಲ್ಯುಮಿನಿಯಂ ಪೆಟ್ಟಿಗೆ. ಒಳಗೆ ಸಾಬೂನು, ಉಗುರು ತಿಕ್ಕುವ ಬ್ರಷ್, ಕತ್ತರಿ. ಬೇರೆಯವರು ಸಾಬೂನು ಮುಗಿದ ಮೇಲೆ ಪೆಟ್ಟಿಗೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡರು. ನಿಂಬೆವ್ವ ಮಾತ್ರ ಪ್ರತಿ ಹೆರಿಗೆಗೂ ಮೊಣಕೈವರೆಗೆ ತಿಕ್ಕಿ ತೊಳೆದಳು, ಬ್ಲೇಡು ಕುದಿಸಿದಳು. ಮೈ ಹರಿದುಹೋಗುವ ನೋವಿನಲ್ಲಿದ್ದ ಹೆಂಗಸರು ಬೈಯುತ್ತಿದ್ದರು, ‘ಈಕೀಗಿ ಮದಲ ಜಳಕ, ಆಮ್ಯಾಲ ನನ್ನ ಕೂಸು’ ಅಂತ. ಬೈಸಿಕೊಂಡೇ ತೊಳೆದಳು.

ಆದರೆ ತರಬೇತಿಯವರು ಹೇಳದ ಇನ್ನೊಂದು ಕೆಲಸವೂ ಇತ್ತು. ಕೂಸು ಬಂದ ಮೇಲೆ ಬೀಳುವ ಮಾಸು ಮತ್ತು ಹೊಕ್ಕಳ ಬಳ್ಳಿಯನ್ನು ಹೊಸ ಕುಡಿಕೆಯಲ್ಲಿಟ್ಟು, ಉಪ್ಪು ಅರಿಸಿನ ಬೇವಿನೆಲೆ ಹಾಕಿ, ಬಚ್ಚಲ ಹಿಂದೆ ಆಳವಾಗಿ ಹೂಳಬೇಕು. ನಾಯಿ ಮುಟ್ಟಿದರೆ ತಾಯಿಯ ಹಾಲು ಬತ್ತುತ್ತದೆ, ಇರುವೆ ಹತ್ತಿದರೆ ಕೂಸಿನ ಮೈಗೆ ಗಂದೆ ಏಳುತ್ತದೆ. ಕೊಯ್ದರೂ ಬಳ್ಳಿ ಕೂಸಿನದೇ, ಹೂಳಿದ ಮೇಲೂ ಒಂದಕ್ಕೆ ಇನ್ನೊಂದರ ನೆನಪಿರುತ್ತದೆ ಎಂದು ಅತ್ತೆ ಹೇಳುತ್ತಿದ್ದಳು. ನಿಂಬೆವ್ವ ಅದನ್ನು ಎಂದೂ ಪರೀಕ್ಷೆ ಮಾಡಿ ನೋಡಿದವಳಲ್ಲ. ಸಾಬೂನನ್ನು ನಂಬಿದಷ್ಟೇ ಗಟ್ಟಿಯಾಗಿ ಇದನ್ನೂ ನಂಬಿದ್ದಳು, ಎರಡಕ್ಕೂ ಜಗಳ ಬಂದಿರಲಿಲ್ಲ.

ಡಾಕ್ಟರ್ ಸಲಾವುದ್ದೀನ ಜೇವರ್ಗಿಯವನು. ಎಂಬತ್ತನಾಲ್ಕರಲ್ಲಿ ಆಳಂದದಲ್ಲಿ ಇನ್ನೂ ಹೊಸ ಡಾಕ್ಟರು. ನಿಂಬೆವ್ವ ಒಮ್ಮೆ ಸುಂದರಬಾಯಿ ಎಂಬ ಬಾಣಂತಿಯನ್ನು ನೆತ್ತರು ನಿಲ್ಲದೆ ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಅವನ ಹತ್ತಿರ ಓಡಿಸಿದ್ದಳು. ಡಾಕ್ಟರರು ಸೂಲಗಿತ್ತಿಯರನ್ನು ಕಂಡರೆ ಮೊದಲು ಬೈದು ಆಮೇಲೆ ರೋಗಿಯನ್ನು ನೋಡುವ ಕಾಲ ಅದು. ಈ ಹುಡುಗ ಬೈಯಲಿಲ್ಲ. ಸುಂದರಬಾಯಿ ಉಳಿದ ಮೇಲೆ ಎಲ್ಲರೆದುರಿಗೆ ಅಂದ, ‘ಈಕೀ ಕೈ ಸ್ವಚ್ಛ ಅದ. ಇಲ್ಲಂದ್ರ ಆ ಹೆಣ್ಮಗಳು ನೆತ್ತರಕ್ಕಿಂತ ಮದಲ ನಂಜಿಗಿ ಹೋಗ್ತಿದ್ಲು.’ ಆ ಮಾತನ್ನು ನಿಂಬೆವ್ವ ಏಳೆಂಟು ವರ್ಷ ಮೆಲುಕು ಹಾಕಿದಳು. ಕೇಳಿದವರಿಗೂ ಹೇಳಿದಳು, ಕೇಳದವರಿಗೂ ಹೇಳಿದಳು.

ತೊಂಬತ್ತೊಂದರ ಬೇಸಿಗೆಯಲ್ಲಿ ಅದೇ ಡಾಕ್ಟರು ಸ್ಕೂಟರಿನ ಮೇಲೆ ಅವಳ ಮನೆ ಹುಡುಕಿಕೊಂಡು ಬಂದ. ಈಗ ಗುಲಬರ್ಗಾದಲ್ಲಿ ಎರಡು ಕೋಣೆಯ ಒಂದು ಪ್ರಯೋಗಶಾಲೆಯಲ್ಲಿ ಸಂಶೋಧನೆ ಮಾಡುತ್ತಿದ್ದ. ತಲೆಯ ಮುಂದಿನ ಕೂದಲು ಅಷ್ಟರಲ್ಲೇ ಖಾಲಿಯಾಗಿತ್ತು.

‘ನಿಮ್ಮಿಂದ ಒಂದು ಕೆಲಸ ಆಗಬೇಕಾಗ್ಯಾದ, ನಿಂಬೆವ್ವ. ಹೆರಿಗಿ ಆದಮ್ಯಾಲ ಬಳ್ಳಿ ಹೂಳ್ತೀರಲ್ಲ, ಅದರಾಗ ಒಂದು ಗೇಣು ನನಗ ಬೇಕು. ತಾಯಿ ಒಪ್ಪಿದ್ರ ಮಾತ್ರ.’

‘ಬಳ್ಳಿ ತಗೊಂಡು ಏನ್ ಮಾಡ್ತೀರಿ ಸಾಹೇಬ್ರ?’

‘ಅದರೊಳಗ ನೆತ್ತರ ಹರಿಯೋ ನಾಳ ಇರ್ತದ. ನಾಳದ ಒಳಮೈಗಿ ಸಣ್ಣ ಸಣ್ಣ ಜೀವಕಣ ಹಾಸ್ಯಾವ, ಅಂಗಳಕ್ಕ ಫರ್ಸಿಕಲ್ಲು ಹಾಸಿದಂಗ. ಅವನ್ನ ಬಿಡಿಸಿ ಬಟ್ಟಲದಾಗ ಬೆಳಸ್ತೇನಿ. ನಂಜೇರಿ ಜ್ವರ ಬಂದಾಗ ಆ ಕಣ ಏನ್ ಮಾಡ್ತಾವ ಅಂತ ನೋಡೂದದ.’

‘ಅಷ್ಟು ದೊಡ್ಡ ಶಹರದಾಗ ಬಳ್ಳಿ ಸಿಗೂದಿಲ್ಲೇನ್ರಿ?’

‘ಸಿಗ್ತಾವ. ನನ್ನ ಕೈಗಿ ಬರೂದರಾಗ ಫಿನಾಯಿಲ್ ಬಕೀಟದಾಗ ಬಿದ್ದು ಕಣ ಸತ್ತಿರ್ತಾವ. ನನಗ ನಿಮ್ಮ ಕೈಯಿಂದು ಬೇಕು.’

ಈ ಕೊನೆಯ ಮಾತು ಅವಳನ್ನು ಕೆಡಿಸಿತು. ಫರ್ಸಿ, ಕಣ, ಬಟ್ಟಲು ಯಾವುದೂ ತಲೆಗೆ ಹೋಗಲಿಲ್ಲ. ‘ನಿಮ್ಮ ಕೈಯಿಂದು’ ಅನ್ನುವುದು ಮಾತ್ರ ಹೋಗಿ ಅಲ್ಲೇ ಮನೆ ಮಾಡಿತು. ಮಾಸನ್ನು ಹೂಳಿಯೇ ಹೂಳುತ್ತೇವಲ್ಲ, ಬಳ್ಳಿಯ ನಡುವಿನ ಒಂದು ಗೇಣು ಹೋದರೆ ಏನಾದೀತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅತ್ತೆ ಬದುಕಿದ್ದರೆ ಏನಾಗುತ್ತಿತ್ತೋ, ಅವಳು ಸತ್ತು ಆರು ವರ್ಷವಾಗಿತ್ತು.

ಡಾಕ್ಟರು ಕಂದು ಕಾಗದದ ಪೊಟ್ಟಣಗಳನ್ನು ಕೊಟ್ಟುಹೋದ. ಹಬೆಯಲ್ಲಿ ಬೇಯಿಸಿ ಅಂಟಿಸಿದ ಒಂದೊಂದು ಪೊಟ್ಟಣದಲ್ಲಿ ಒಂದು ಬ್ಲೇಡು, ಎರಡು ದಾರ, ಒಂದು ಅರಿವೆ ತುಂಡು. ಜೊತೆಗೆ ಉಪ್ಪುನೀರು ತುಂಬಿದ ಅಗಲ ಬಾಯಿಯ ಸೀಸೆ. ಬಳ್ಳಿ ಹಾಕಿದ ಸೀಸೆಗೆ ಒದ್ದೆ ಬಟ್ಟೆ ಸುತ್ತಿ ಬಸ್ಸಿನ ಕಂಡಕ್ಟರ್ ಹುಲೆಪ್ಪನ ಕೈಗೆ ಕೊಟ್ಟರೆ, ಅವನು ಗುಲಬರ್ಗಾದಲ್ಲಿ ಡಾಕ್ಟರಿಗೆ ಮುಟ್ಟಿಸಬೇಕು. ಹುಲೆಪ್ಪ ಮೊದಲ ಸಲ ಒಳಗೇನಿದೆ ಎಂದು ಕೇಳಿದ. ಹೇಳಿದಳು. ಎರಡನೇ ಸಲ ಕೇಳಲಿಲ್ಲ.

ಹೆಂಗಸರು ಒಪ್ಪುವುದೇ ಕಷ್ಟವಾಯಿತು. ಒಂದು ವರ್ಷದಲ್ಲಿ ಕೊಟ್ಟವರು ಇಬ್ಬರೇ. ಆ ಎರಡೂ ಸಲ ಡಾಕ್ಟರಿಂದ ಸುದ್ದಿ ಬಂತು: ಬಟ್ಟಲಿನಲ್ಲಿ ಬೂಷ್ಟು ಬಂದು ಎಲ್ಲ ಕೆಟ್ಟಿತು, ಬೇಸರ ಬೇಡ, ಕೊಯ್ಯುವಾಗ ಇನ್ನೊಂದಿಷ್ಟು ಜೋಪಾನ. ನಿಂಬೆವ್ವ ಉಳಿದ ಪೊಟ್ಟಣಗಳನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದಳು. ತನ್ನ ಕೈಯಿಂದ ಹೋದದ್ದು ಕೆಡುವುದೆಂದರೇನು? ಯೋಚಿಸಿ ಯೋಚಿಸಿ ಒಂದು ಕಾರಣ ಹುಡುಕಿದಳು. ಆ ಪೊಟ್ಟಣದ ಬ್ಲೇಡಿನಿಂದಲೇ ಮೊದಲು ಕೂಸಿನ ಹೊಕ್ಕಳು ಕೊಯ್ದು, ಆಮೇಲೆ ಡಾಕ್ಟರ ತುಂಡನ್ನು ಕೊಯ್ದಿದ್ದಳು. ಬ್ಲೇಡು ಮೈಲಿಗೆಯಾಗಿತ್ತು! ದೇವರ ಪಾತ್ರೆಯಲ್ಲಿ ಮನೆಯವರು ಉಂಡು ಮತ್ತೆ ದೇವರಿಗೆ ಎಡೆ ಹಿಡಿಯುತ್ತಾರೆಯೇ? ಡಾಕ್ಟರ ಪೊಟ್ಟಣ ಮಡಿ. ಅದನ್ನು ಡಾಕ್ಟರ ಬಳ್ಳಿಗೆ ಮಾತ್ರ ಮುಟ್ಟಿಸಬೇಕು. ಮನೆಗೆ ಮನೆಯ ಬ್ಲೇಡು. ಹೀಗೆ ತೀರ್ಮಾನ ಮಾಡಿಕೊಂಡು ನಿಶ್ಚಿಂತಳಾದಳು. ಈ ತೀರ್ಮಾನದಲ್ಲಿ ಏನು ತಪ್ಪಿದೆಯೆಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ತೊಂಬತ್ತೆರಡರಲ್ಲಿ ರೇವಮ್ಮ ಚೊಚ್ಚಲ ಬಾಣಂತನಕ್ಕೆ ಕಡಗಂಚಿಯ ಗಂಡನ ಮನೆಯಿಂದ ತವರಿಗೆ ಬಂದಳು. ಕೂಸಿನ ಬಳ್ಳಿ ಕೊಡುತ್ತೀಯಾ ಎಂದು ನಿಂಬೆವ್ವ ಅಳುಕುತ್ತಲೇ ಕೇಳಿದಳು. ರೇವಮ್ಮ ಏಳನೇ ಇಯತ್ತೆ ಓದಿದವಳು. ‘ಮಂದೀದೆಲ್ಲ ಕೇಳತಿ, ನಂದು ಕೊಡಲಿಲ್ಲಂದ್ರ ಹೆಂಗಬೇ?’ ಅಂದಳು.

ಶನಿವಾರ ಮಧ್ಯಾಹ್ನ ನೋವು ಶುರುವಾಯಿತು. ಚೊಚ್ಚಲು, ರಾತ್ರಿಯಾದೀತು ಎಂದು ನಿಂಬೆವ್ವ ನಿಧಾನವಾಗಿ ಒಲೆ ಹೊತ್ತಿಸಿದಳು. ಹೊಸ ಬ್ಲೇಡಿಗೆ ಅಂಗಡಿಗೆ ಹೇಳಿ ಕಳಿಸಿದ್ದರೆ ಅಂಗಡಿ ಮುಚ್ಚಿತ್ತು. ನೀರು ಬಿಸಿಯಾಗುವಷ್ಟರಲ್ಲಿ ಕೂಸು ಬಂದೇಬಿಟ್ಟಿತು, ಗಂಡು, ಬರುವಾಗಲೇ ಬಾಯಿ ತೆರೆದುಕೊಂಡು. ಪೆಟ್ಟಿಗೆಯಲ್ಲಿ ಹಿಂದಿನ ತಿಂಗಳು ಒಂದು ಹೆರಿಗೆಗೆ ಬಳಸಿ ತೊಳೆದಿಟ್ಟ ಬ್ಲೇಡಿತ್ತು. ಅದನ್ನೇ ಬೆಚ್ಚಗಿನ ನೀರಲ್ಲಿ ಅದ್ದಿ ಒರೆಸಿ ಹೊಕ್ಕಳು ಕೊಯ್ದಳು. ಆಮೇಲೆ ಸಾಬೂನು ಹಚ್ಚಿ ಎರಡನೇ ಸಲ ಕೈ ತೊಳೆದು, ಉಸಿರು ಬಿಗಿಹಿಡಿದು ಕಂದು ಪೊಟ್ಟಣ ಬಿಚ್ಚಿ, ಡಾಕ್ಟರಿಗೆ ಒಂದು ಗೇಣು ಬಳ್ಳಿ ಕೊಯ್ದಳು. ಸಂಜೆ ಬಸ್ಸಿಗೆ ಸೀಸೆ ಹೋಯಿತು.

ಮಂಗಳವಾರ ಹುಲೆಪ್ಪ ಬಸ್ಸಿನ ಬಾಗಿಲಲ್ಲಿ ನಿಂತೇ ಕೂಗಿ ಹೇಳಿದ, ‘ಯಕ್ಕಾ, ಡಾಕ್ಟರು ಭಾಳ ಖುಷಿ ಆಗ್ಯಾರ. ಬಳ್ಳಿ ಛಲೋ ಬಂದದಂತ. ನಾಳಿಗಿ ಅದಕ್ಕ ಜ್ವರ ಕೊಡ್ತಾರಂತ.’

‘ಯಾತಕ್ಕ ಜ್ವರ ಕೊಡ್ತಾರ?’

‘ಬಳ್ಳಿಗಿ. ನನಗೇನ್ ಗೊತ್ತಬೇ, ಅವರು ಹೇಳಿದ್ದು ನಾ ಹೇಳೇನಿ.’ ಬಸ್ಸು ಧೂಳೆಬ್ಬಿಸಿ ಹೋಯಿತು.

ಬುಧವಾರ ಮಧ್ಯಾಹ್ನ ರೇವಮ್ಮನ ಕೂಸಿನ ಮೈ ಸುಡತೊಡಗಿತು.

ನಿಂಬೆವ್ವ ಕೂಸಿನ ಹಣೆಯ ಮೇಲಿಟ್ಟ ಕೈಯನ್ನು ಹಾಗೇ ಇಟ್ಟುಕೊಂಡು ಕೂತಳು. ಅವಳು ನೂರಾರು ಕೂಸುಗಳ ಜ್ವರ ನೋಡಿದವಳು. ಬೇರೆಯವರ ಕೂಸಾಗಿದ್ದರೆ ಹೊಟ್ಟೆಪಟ್ಟಿ ಬಿಚ್ಚು, ಹೊಕ್ಕಳು ತೋರಿಸು, ಮೂಸಿ ನೋಡು ಅನ್ನುತ್ತಿದ್ದಳು. ಈಗ ಅದೊಂದೂ ಹೊಳೆಯಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿಸುವಾಗ ಹೊಕ್ಕಳ ಸುತ್ತ ಕೆಂಪಗೆ ಕಂಡಿತ್ತು, ಹಚ್ಚಿದ ಅರಿಸಿನದ್ದೆಂದು ಬಿಟ್ಟಿದ್ದಳು. ಕೋಣೆಯ ತುಂಬ ಬಾಣಂತಿಗೆ ಹಾಕಿದ ಲೋಬಾನದ ಹೊಗೆ, ಬೇರೆ ವಾಸನೆ ಮೂಗಿಗೆ ಬರುವಂತಿರಲಿಲ್ಲ. ಅವಳ ತಲೆಯಲ್ಲಿ ಒಂದೇ ಮಾತು ಗಾಣದ ಎತ್ತಿನ ಹಾಗೆ ತಿರುಗುತ್ತಿತ್ತು. ಅಲ್ಲಿ ಬಳ್ಳಿಗೆ ಜ್ವರ ಕೊಟ್ಟರು, ಇಲ್ಲಿ ಕೂಸಿಗೆ ಬಂತು. ಅತ್ತೆ ಹೇಳಿದ್ದು ಸುಳ್ಳಲ್ಲ. ಆದರೆ ಡಾಕ್ಟರು ಒಳ್ಳೆಯವನು, ಬೇಕೆಂದು ಹೀಗೆ ಮಾಡುವವನಲ್ಲ. ಹಾಗಾದರೆ ಅವನಿಗೇ ಗೊತ್ತಿಲ್ಲವೆ? ಅಷ್ಟು ಓದಿದವನಿಗೆ? ಗೊತ್ತಿಲ್ಲದಿದ್ದರೆ ಹೋಗಿ ಹೇಳಬೇಕು, ಆ ಜ್ವರ ಇಳಿಸಿದರೆ ಈ ಜ್ವರವೂ ಇಳಿದೀತು.

ಮಗಳಿಗೆ ಇದನ್ನು ಹೇಳುವ ಧೈರ್ಯ ಬರಲಿಲ್ಲ. ಸಂಜೆಯಿಂದ ಕೂಸು ಮೊಲೆಗೆ ಬಾಯಿ ಹಾಕಲಿಲ್ಲ. ಗುರುವಾರ ಬೆಳಿಗ್ಗೆ, ಪಕ್ಕದ ಮನೆಯ ಮೆಹರಾಜಬೇಗಂಗೆ ‘ಸ್ವಲ್ಪ ನೋಡ್ಕೊ’ ಎಂದು ಹೇಳಿ, ನಿಂಬೆವ್ವ ಮೊದಲ ಬಸ್ಸು ಹತ್ತಿದಳು.

ಪ್ರಯೋಗಶಾಲೆಯಲ್ಲಿ ಡಾಕ್ಟರು ಅವಳನ್ನು ಕಂಡು ಹಬ್ಬಕ್ಕೆ ಬಂದ ಅಕ್ಕನನ್ನು ಕಂಡಂತೆ ಎದ್ದು ಬಂದ. ‘ಬರ್ರಿ, ಬರ್ರಿ. ಸರಿ ವೇಳ್ಯಾಕ ಬಂದೀರಿ.’ ಅವಳು ಬಾಯಿ ತೆಗೆಯುವಷ್ಟರಲ್ಲಿ ಕೈ ತೊಳೆಸಿ, ಚಪ್ಪಲಿ ಬಿಡಿಸಿ, ಸೂಕ್ಷ್ಮದರ್ಶಕದ ಮುಂದೆ ಕೂರಿಸಿದ್ದ. ಪಾಪ, ವರ್ಷದಿಂದ ಆ ಬಟ್ಟಲಿನಲ್ಲಿ ಬೂಷ್ಟು ಬಿಟ್ಟು ಬೇರೇನೂ ಬೆಳೆದಿರಲಿಲ್ಲ; ಖುಷಿ ಹಂಚಿಕೊಳ್ಳುವುದಕ್ಕೆ ಒಂದು ಜೀವ ಬೇಕಾಗಿತ್ತು. ಅವಳು ಒಂದು ಕಣ್ಣು ಮುಚ್ಚಿ ನೋಡಿದಳು. ಒಂದಕ್ಕೊಂದು ಅಂಟಿ ಹಾಸಿದ ಚಿಕ್ಕ ಚಿಕ್ಕ ತುಣುಕುಗಳು ಕಂಡವು. ಇದು ನನ್ನ ಮೊಮ್ಮಗನೇ ಎಂದು ಅವಳಿಗೆ ಅನ್ನಿಸಿತು.

‘ಈ ಕಣದ ಮೈಮ್ಯಾಲ ಕಿವಿ ಇದ್ದಂಗ ಇರ್ತಾವ, ನಾವು ರಿಸೆಪ್ಟರ್ ಅಂತೀವಿ’ ಎಂದು ಡಾಕ್ಟರು ಶುರುಮಾಡಿದ. ‘ಮೈಯಾಗ ನಂಜು ಹೊಕ್ತಂದ್ರ ನೆತ್ತರಾಗ ಒಂದು ಸುದ್ದಿ ಹರಡ್ತದ, ಊರಾಗ ಡಂಗುರ ಹೊಡದಂಗ. ಕಿವಿಗಿ ಆ ಸುದ್ದಿ ಬಿದ್ರ ಕಣ ಎಚ್ಚರಾಗಿ ನಂಜಿನ ಸಂಗಡ ಬಡದಾಡೋರಿಗಿ ದಾರಿ ಬಿಡ್ತದ. ನಿನ್ನಿ ನಾ ಆ ಸುದ್ದಿ ಇದ್ದ ನೀರು ಇವಕ್ಕ ಹನಿಸಿದೆ. ಏನಾತು ಗೊತ್ತೇನು? ಕಣ ತನ್ನ ಕಿವಿ ತಾನ ಕತ್ತರಿಸಿ ನೀರಾಗ ಒಗದದ.’

‘ತನ್ನ ಕಿವಿ ತಾನ?’

‘ಹೌದು. ಅದರ ಮೈಯಾಗ ಅದಕ್ಕಂತ ಒಂದು ಕತ್ತರಿ ಅದ. ಒಗದ ಕಿವಿ ಸುಮ್ಮನ ಬೀಳೂದಿಲ್ಲ ಮತ್ತ. ನೆತ್ತರಾಗ ತೇಲ್ಕೋತ ಆ ಸುದ್ದೀನ ಹಿಡದು ಕೂಡ್ತದ, ಮುಂದಿನ ಕಣಕ್ಕ ಮುಟ್ಟಗೊಡೂದಿಲ್ಲ.’

‘ಯಾಕ್ರಿ ಹಂಗ?’

‘ಗದ್ದಲ ಅತಿ ಆಗಿ ಮೈಯೇ ಸುಟ್ಟು ಹೋಗಬಾರದು ಅಂತಿರಬೇಕು. ಇಲ್ಲಾ, ಕೇಳಬೇಕಾದ್ದೂ ಕೇಳಲಾರದಂಗ ಕಿವುಡು ಆಗ್ತದೋ ಏನೋ. ಒಳ್ಳೇದೋ ಕೆಟ್ಟದ್ದೋ ನನಗೂ ತಿಳಿದಿಲ್ಲ ನಿಂಬೆವ್ವ. ಅದನ್ನ ನೋಡಾಕತ್ತೇನಿ.’

ನಿಂಬೆವ್ವನ ತಲೆ ಕಲಸಿದ ಮೊಸರಾಯಿತು. ಸುದ್ದಿ ಕೇಳುವುದಕ್ಕೆ ಕಿವಿ, ಸುದ್ದಿ ಬಂದ ಕೂಡಲೇ ಕಿವಿಗೆ ಕತ್ತರಿ, ಕತ್ತರಿಸಿದ ಕಿವಿಯೇ ಸುದ್ದಿಯನ್ನು ಹಿಡಿಯುವುದು. ಅದು ಕೇಳಿದ ಹಾಗೋ ಕೇಳದ ಹಾಗೋ? ಹೇಳುವವನಿಗೇ ಗೊತ್ತಿಲ್ಲವೆಂದರೆ ಕೇಳುವವಳ ಪಾಡೇನು. ಆದರೂ ಸೂಲಗಿತ್ತಿಯ ಬಾಯಿಂದ ಸೂಲಗಿತ್ತಿಯ ಪ್ರಶ್ನೆಯೇ ಬಂತು.

‘ಕಿವಿ ಮತ್ತ ಚಿಗೀತಾವೇನ್ರಿ?’

‘ಚಿಗೀತಾವ. ಒಂದು ದಿನ ಬೇಕು.’

‘ಹಂಗಾರ ಆ ನೀರು ತಗದುಬಿಡ್ರಿ ಸಾಹೇಬ್ರ. ನಿಮ್ಮ ಕಾಲಿಗಿ ಬೀಳ್ತೇನಿ. ಕೂಸು ಸುಡಾಕತ್ತದ.’

‘ಯಾವ ಕೂಸು?’

‘ಈ ಬಳ್ಳೀದು. ನಮ್ಮ ರೇವಮ್ಮಂದು.’

ಡಾಕ್ಟರ ಮುಖದಿಂದ ಖುಷಿ ಒಮ್ಮೆಲೇ ಇಳಿಯಿತು. ಬಟ್ಟಲಿನೊಳಗಿನದಕ್ಕೂ ಕೂಸಿಗೂ ಈಗ ಏನೂ ಸಂಬಂಧವಿಲ್ಲ, ಕೊಯ್ದ ಉಗುರನ್ನು ಸುಟ್ಟರೆ ಬೆರಳು ಉರಿಯುತ್ತದೆಯೇ ಎಂದು ಅವಸರವಾಗಿ ಹೇಳಿದ. ಅವಳು ತಲೆಯಾಡಿಸಲಿಲ್ಲ. ಅವನೂ ಅವಳು ಒಪ್ಪಲೆಂದು ಕಾಯಲಿಲ್ಲ.

‘ಜ್ವರ ಯಾವಾಗಿಂದ?’

‘ನಿನ್ನಿ ಮಧ್ಯಾನದಿಂದ.’

‘ಮಲಿ ಕುಡೀತದೇನು?’

‘ಸಂಜಿಂದ ಇಲ್ಲರಿ.’

‘ಕೂಸು ಎಲ್ಲದ? ಹೊರಗ ಕುಂತಾರೇನು?’

‘ಊರಾಗದ.’

ಡಾಕ್ಟರು ಅವಳನ್ನೇ ನೋಡಿದ. ‘ಐದು ದಿನದ ಕೂಸು ಜ್ವರದಾಗ ಮಲಿ ಬಿಟ್ಟದ. ಅದನ್ನ ಊರಾಗ ಬಿಟ್ಟು ನೀವು ಇಲ್ಲಿಗಿ ಬಳ್ಳಿ ನೋಡಾಕ ಬಂದೀರೇನು?’

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವನು ಬೈಯಲಿಲ್ಲ, ನಿಜಕ್ಕೂ ತಿಳಿಯದೆ ಕೇಳಿದ. ಅವಳಿಗೂ ತಿಳಿಯಲಿಲ್ಲ. ಮೊಲೆ ಬಿಟ್ಟ ಕೂಸನ್ನು ಎತ್ತಿಕೊಂಡು ಓಡಿಬರಬೇಕೆಂದು ಇಡೀ ಊರಿಗೆ ಬುದ್ಧಿ ಹೇಳುವ ಹೆಂಗಸು ತಾನೇ ಅಲ್ಲವೆ?

‘ಹೊಕ್ಕಳು ಯಾವ ಬ್ಲೇಡಿಲೆ ಕೊಯ್ದ್ರಿ? ನಾ ಕೊಟ್ಟಿದ್ದರಲೆ ಹೌದಲ್ಲ?’

‘ನಿಮ್ಮದು ಮಡಿಲೆ ಇಟ್ಟಿದ್ನಿರಿ. ನಿಮ್ಮ ಬಳ್ಳಿಗಷ್ಟ ಮುಟ್ಟಸ್ದೆ. ಕೂಸಿಗಿ ಮನ್ಯಾಗಿಂದು.’

‘ಕುದಿಸಿದ್ದು?’

ನಿಂಬೆವ್ವ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಡಾಕ್ಟರು ಕುರ್ಚಿಯ ಬೆನ್ನು ಹಿಡಿದುಕೊಂಡ. ‘ಒಂದ ಬ್ಲೇಡ್ ಕೊಟ್ಟಾವ ನಾನು’ ಎಂದ, ಅವಳಿಗಲ್ಲ. ‘ಎರಡು ಇಡಬೇಕು ಅಂತ ಹೊಳೀಲಿಲ್ಲ ನೋಡು.’ ಆಮೇಲೆ, ‘ರೇವಮ್ಮಗ ಧನುರ್ವಾಯು ಸೂಜಿ ಮಾಡ್ಸಿದ್ರೇನು?’

‘ಎರಡೂ ಮಾಡ್ಸೇನ್ರಿ.’

‘ಅದೊಂದು ಪುಣ್ಯ. ನಡೀರಿ.’

ಸಂಸ್ಥೆಯ ಜೀಪಿನಲ್ಲಿ ಹೊರಟರು. ದಾರಿಯುದ್ದಕ್ಕೂ ನಿಂಬೆವ್ವ ಒಂದೇ ಗಂಟು ಬಿಚ್ಚುತ್ತ ಕೂತಿದ್ದಳು. ಬಳ್ಳಿಯಿಂದ ಜ್ವರ ಬರುವುದಿಲ್ಲ ಎಂದು ಡಾಕ್ಟರು ಹೇಳಿದ. ಮರುಗಳಿಗೆಗೇ ಬಳ್ಳಿ ಕೊಯ್ದ ಬ್ಲೇಡು ಯಾವುದೆಂದು ಕೇಳಿದ. ಹಾಗಾದರೆ ಬಂದದ್ದು ಬಳ್ಳಿಯಿಂದಲೇ ಅಲ್ಲವೆ? ಅತ್ತೆ ಹೇಳಿದ್ದು ಸರಿಯೋ ತಪ್ಪೋ? ಯಾವ ಕಡೆಯಿಂದ ಎಳೆದರೂ ಗಂಟು ಅವಳ ಕೈಗೇ ಬಂದು ನಿಲ್ಲುತ್ತಿತ್ತು. ಕಡಗಂಚಿ ದಾಟುವಾಗ ಎದುರಿನಿಂದ ಹುಲೆಪ್ಪನ ಬಸ್ಸು ಹಾರ್ನು ಹೊಡೆಯುತ್ತ ಧಾವಿಸಿ ಹೋಯಿತು. ಅವಳು ತಲೆ ಎತ್ತಿಯೂ ನೋಡಲಿಲ್ಲ.

ನರೋಣಾದಲ್ಲಿ ಮನೆಗೆ ಬೀಗ. ಮೆಹರಾಜಬೇಗಂ ಮನೆಗೂ ಬೀಗ. ಎದುರು ಮನೆಯವರು ನಡೆದದ್ದು ಹೇಳಿದರು. ಮೆಹರಾಜಬೇಗಂ ಕೋಣೆಗೆ ಕಾಲಿಟ್ಟವಳೇ ಮೂಗು ಅರಳಿಸಿ, ‘ಈ ವಾಸನಿ ಲೋಬಾನದ್ದಲ್ಲ’ ಅಂದಳಂತೆ. ಹುಟ್ಟಿದಾಗಿನಿಂದ ಲೋಬಾನದ ಮನೆಯಲ್ಲೇ ಬೆಳೆದ ಹೆಂಗಸು, ಅವಳ ಮೂಗಿಗೆ ಮೋಸ ಮಾಡಲಾಗುತ್ತದೆಯೇ. ರೇವಮ್ಮ ಹೊಟ್ಟೆಪಟ್ಟಿ ಬಿಚ್ಚಿದಳು. ಅರಿಸಿನ ಒರೆಸಿದರೂ ಕೆಂಪು ಹೋಗಲಿಲ್ಲ, ಹೊಕ್ಕಳ ಬುಡದಲ್ಲಿ ಕೀವು. ಅವ್ವ ಬರಲಿ ಎಂದು ಒಂದು ಗಳಿಗೆ ಬಾಗಿಲಲ್ಲಿ ನಿಂತಳು. ಆಮೇಲೆ ಐದು ದಿನದ ಬಾಣಂತಿ ಹೊಸ್ತಿಲು ದಾಟಬಾರದು ಎಂಬುದನ್ನೆಲ್ಲ ಗಾಳಿಗೆ ತೂರಿ, ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಮೆಹರಾಜಬೇಗಂ ಜೊತೆ ಬಸ್ಸು ಹತ್ತಿದಳು.

ಹುಲೆಪ್ಪ ಡ್ರೈವರನಿಗೆ ಹೇಳಿ, ನಡುವೆ ಎಲ್ಲೂ ನಿಲ್ಲಿಸದೆ ಬಸ್ಸನ್ನು ಗುಲಬರ್ಗಾದ ಒಂದು ದವಾಖಾನೆಯ ಬಾಗಿಲಿಗೇ ಒಯ್ಯಿಸಿದ್ದ. ಇಳಿಯಬೇಕಾದ ಊರಲ್ಲಿ ಇಳಿಯಲಾಗದವರು ಬೈದರಂತೆ. ಬೈಯಲಿ.

ಕೂಸು ಉಳಿಯಿತೆಂದು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದಿನದರ ಮೇಲೆ ಯಾರ ಮನಸ್ಸೂ ನಿಲ್ಲಲಾರದು. ಒಂಬತ್ತು ದಿನ ಸೂಜಿ ಹಾಕಿಸಿಕೊಂಡು ಉಳಿಯಿತು. ಮುಂದೆ ಆ ಹುಡುಗ ಅಜ್ಜನ ಕುರಿಯ ಹಿಂದೆ ಓಡಾಡಿಕೊಂಡೇ ಬೆಳೆದ. ಆದರೆ ಆ ದಿನ ಅದು ಯಾರಿಗೂ ಗೊತ್ತಿರಲಿಲ್ಲ.

ನಿಂಬೆವ್ವ ಮತ್ತು ಡಾಕ್ಟರು ಜೀಪು ತಿರುಗಿಸಿಕೊಂಡು, ಹುಡುಕುತ್ತ ವಾರ್ಡಿಗೆ ಬಂದಾಗ ಕೂಸಿನ ಕಾಲಿಗೆ ಸಣ್ಣ ಕೊಳವೆ ಹಾಕಿ ಪಟ್ಟಿ ಸುತ್ತಿದ್ದರು. ರೇವಮ್ಮ ಗೋಡೆಗೊರಗಿ ನಿಂತಿದ್ದಳು. ಕೈಯಲ್ಲಿ ಕಾಗದ ಹಿಡಿದ ನರ್ಸು ಒಂದೊಂದೇ ಕೇಳಿ ಬರೆದುಕೊಳ್ಳುತ್ತಿದ್ದಳು. ಹುಟ್ಟಿದ ದಿನ, ಜ್ವರ ಬಂದ ದಿನ. ಅವ್ವ ಬಾಗಿಲಲ್ಲಿ ಬಂದು ನಿಂತದ್ದನ್ನು ರೇವಮ್ಮ ನೋಡಿದಳು. ‘ಎಲ್ಲಿ ಹೋಗಿದ್ದಿ’ ಎಂದು ಕೇಳಲಿಲ್ಲ.

‘ಹೆರಿಗಿ ಯಾರು ಮಾಡಿದ್ರು?’ ನರ್ಸು ಕೇಳಿದಳು.

ರೇವಮ್ಮ ಅವ್ವನ ಮುಖದಿಂದ ಕಣ್ಣು ತೆಗೆದು ಕೂಸಿನ ಕಡೆ ತಿರುಗಿದಳು. ‘ಹೊಲದಾಗ ಆತ್ರಿ’ ಎಂದಳು. ‘ಯಾರೂ ಇರಲಿಲ್ಲ. ನಾನ ಕೊಯ್ಕೊಂಡೆ.’

ನಿಂಬೆವ್ವನಿಗೆ ಮೊದಲು ಅರ್ಥವಾಗಲಿಲ್ಲ. ಹೊಲವೆಲ್ಲಿ ಬಂತು? ಆಮೇಲೆ ತಿಳಿಯಿತು. ಮಗಳು ಅವಳ ಕೈಯ ಹೆಸರು ಉಳಿಸುತ್ತಿದ್ದಳು. ನರೋಣಾದ ನಿಂಬೆವ್ವ ಕೊಯ್ದ ಹೊಕ್ಕಳು ನಂಜಾಯಿತು ಎಂದು ಆ ಕಾಗದದ ಮೇಲೆ ಬೀಳದ ಹಾಗೆ, ಸುಳ್ಳನ್ನು ತನ್ನ ಮೈಮೇಲೆ ಹಾಕಿಕೊಂಡು. ಪಕ್ಕದಲ್ಲಿದ್ದ ಡಾಕ್ಟರು ನೆಲ ನೋಡಿದ, ಅವಳೇ ಹೇಳಲಿ ಎಂದು ಬಿಟ್ಟನೋ ಏನೋ. ಒಂದು ಗಳಿಗೆ, ಒಂದೇ ಒಂದು ಗಳಿಗೆ, ನಿಂಬೆವ್ವನಿಗೆ ಸುಮ್ಮನಿದ್ದುಬಿಡೋಣ ಅನ್ನಿಸಿತು. ಅದನ್ನು ಅವಳು ಮುಂದೆ ಯಾರಿಗೂ ಮುಚ್ಚಿಡಲಿಲ್ಲ. ಇಪ್ಪತ್ತೈದು ವರ್ಷದ ಹೆಸರು.

ನರ್ಸು ಕಾಗದದ ಮೇಲೆ ಬರೆಯುತ್ತ, ‘ಹೊಲದಾಗಂದ್ರ ಕುಡುಗೋಲಿಲೆ ಕೊಯ್ದಿಯೇನು? ಮಣ್ಣು ಹತ್ತಿತ್ತೇನು? ಖರೇ ಹೇಳವ್ವ, ಅದರ ಮ್ಯಾಲ ಔಷಧ ಕೊಡೂದದ’ ಎಂದಳು.

ರೇವಮ್ಮ ಕೂಸಿನ ಕಾಲಿನ ಪಟ್ಟಿಯನ್ನೇ ನೋಡಿದಳು.

ನಿಂಬೆವ್ವ ಎರಡು ಹೆಜ್ಜೆ ಮುಂದೆ ಬಂದು ಮಗಳ ಮುಂದೆ ನಿಂತಳು. ‘ಬರದಿದ್ದು ಅಳಸ್ರಿ ಸಿಸ್ಟರ’ ಎಂದಳು. ‘ಹೊಲದಾಗ ಅಲ್ಲ, ನನ್ನ ಮನ್ಯಾಗ ಆಗ್ಯಾದ. ನಾ ಸೂಲಗಿತ್ತಿ, ನಾನ ಮಾಡೀನಿ. ಹೋದ ತಿಂಗಳ ಒಬ್ಬಾಕಿಗಿ ವಾಪರಿಸಿದ ಬ್ಲೇಡ್ ಇತ್ತು, ಕುದಿಸಿದ್ದಿಲ್ಲ, ಅದರಲೆ ಕೊಯ್ದೀನಿ.’

ನರ್ಸು ತಲೆ ಎತ್ತಿ ನೋಡಿದಳು. ಅವಳು ಬೈದದ್ದೆಲ್ಲ ಇಲ್ಲಿ ಬರೆಯುವುದು ಬೇಡ. ವಾರ್ಡಿನ ಹೆಂಗಸರೆಲ್ಲ ಕೂಸುಗಳನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿ ಕೂತು ಕೇಳಿದರು. ನಿಂಬೆವ್ವ ಪೂರ್ತಿ ಕೇಳಿಸಿಕೊಂಡಳು.

‘ಹೆಸರೇನು?’ ಕೊನೆಗೆ ನರ್ಸು ಕೇಳಿದಳು.

ಅವಳು ಹೆಸರು ಹೇಳುವಾಗ ಹಿಂದಿನಿಂದ ರೇವಮ್ಮ ಅವಳ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ನರ್ಸು ಬರೆದು ಮುಗಿಸಿ ಹೋದ ಮೇಲೂ ಬಿಡಲಿಲ್ಲ.